ಫರ್ಸಿ ಅಂಚು ಬೆಳ್ಳಗಾದರೆ ಮಷೀನು ಹಿಡೀಬೇಡಿ, ಮೊದಲು ನೀರು ಹಚ್ಚಿ

ಕಲಬುರಗಿಯಲ್ಲಿ ಒಬ್ಬ ನಿವೃತ್ತ ಮಾಸ್ತರರ ಮನೆ. ಹೊರಗಿನ ಮೆಟ್ಟಿಲಿಗೆ ಶಹಾಬಾದ್ ಫರ್ಸಿ, ಅಂದರೆ ಹಾಸುಗಲ್ಲು ಹಾಕಿದ್ದೆವು, ಒಟ್ಟು ಹದಿಮೂರು ಪಾವಟಿಗೆ. ಮುಂದಿನ ಅಂಚಿಗೆ ಅರ್ಧ ಗೋಲು (ಅರ್ಧ ದುಂಡು ಆಕಾರ) ಕೊಟ್ಟು ಪಾಲಿಶ್ ಮಾಡಿ ಬಂದಿದ್ದೆ. ಇಪ್ಪತ್ತು ದಿನ ಆಗಿರಬೇಕು, ಫೋನ್ ಬಂತು.

"ಏನಪಾ, ನಿನ್ನ ಪಾವಟಿಗೆಗೆ ಬೂಸರ ಹತ್ಯಾದಲ್ಲ?"

ಹೋಗಿ ನೋಡಿದೆ. ಮೇಲಿನ ಮೂರು ಮೆಟ್ಟಿಲ ಅಂಚು ಬೆಳ್ಳಗೆ ಮಬ್ಬಾಗಿತ್ತು. ಉಳಿದ ಹತ್ತು ಸರಿಯಾಗೇ ಇದ್ದವು. ನಾನು ಹೆಚ್ಚು ಯೋಚನೆ ಮಾಡಲಿಲ್ಲ. ಪಾಲಿಶ್ ಸರಿಯಾಗಿಲ್ಲ ಅಂದುಕೊಂಡೆ. ಇಡೀ ದಿನ ಕೂತು ಮತ್ತೆ 200, 400, 800 ನಂಬರಿನ ಪಾಲಿಶ್ ಪ್ಯಾಡ್ (ನಂಬರ್ ಹೆಚ್ಚಾದಷ್ಟೂ ನಯ) ಹೊಡೆದು ಮಿಂಚಿಸಿ ಬಂದೆ. ವಾರ ಆಗೋದ್ರೊಳಗೆ ಮತ್ತೆ ಬೆಳ್ಳಗಾಯ್ತು. ಮಾಸ್ತರು ಈ ಸಲ ಫೋನ್‌ನಲ್ಲಿ ಬರೀ ನಕ್ಕರು. ಅದು ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು.

ಆವತ್ತಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಅಂಚು ಕೆಟ್ಟಿದೆ ಅಂತ ಯಾರೇ ಕರೆದರೂ ಗ್ರೈಂಡರ್ ಚೀಲದಲ್ಲೇ ಇರುತ್ತದೆ. ಒಂದು ಲೋಟ ನೀರು, ಒಂದು ಕರಿ ಬಟ್ಟೆ, ಒಂದು ರೂಪಾಯಿ ನಾಣ್ಯ, ಮೊಬೈಲ್ ಟಾರ್ಚ್. ಮೊದಲ ಅರ್ಧ ಗಂಟೆ ಇಷ್ಟೇ ಸಾಮಾನು. ಪಾಲಿಶ್‌ನಲ್ಲಿ ಕಾಣುವ ತೊಂದರೆ ಬಹಳ ಸಲ ಪಾಲಿಶ್‌ನಲ್ಲಿ ಹುಟ್ಟಿರೋದಿಲ್ಲ. ಕೊಯ್ಯುವಾಗ ಆಗಿರುತ್ತದೆ, ಇಲ್ಲಾ ಕಲ್ಲಿನ ಪದರದಲ್ಲೇ ಇರುತ್ತದೆ, ಇಲ್ಲಾ ಕಲ್ಲಿನ ಹಿಂದಿನಿಂದ ಬರುತ್ತದೆ.

ಮೊದಲು ಕಲ್ಲು ಯಾವುದು ನೋಡಿ

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆಯ ಫರ್ಸಿ ಅಂದರೆ ಸುಣ್ಣದಕಲ್ಲು. ಅದಕ್ಕೇ ಅಲ್ವಾ ಆ ಸಾಲಿನಲ್ಲೇ ಸಿಮೆಂಟ್ ಕಾರ್ಖಾನೆಗಳು ನಿಂತಿರೋದು. ಮೆತ್ತನೆ ಕಲ್ಲು. ಗಡಸುತನದ ಮೋಸ್ ಅಳತೆಯಲ್ಲಿ 3ರ ಸುತ್ತಮುತ್ತ. ಗ್ರಾನೈಟ್ 6ರಿಂದ 7. ಚಾಕುವಿನ ತುದಿಯಿಂದ ಫರ್ಸಿಯನ್ನು ಗೀರಿದರೆ ಗೆರೆ ಬೀಳುತ್ತದೆ, ಗ್ರಾನೈಟ್ ಮೇಲೆ ಚಾಕುವೇ ಸವೆದು ಗೆರೆ ಬಿಡುತ್ತದೆ. ಭೀಮಾ ದಂಡೆಯ ಸನ್ನತಿ ಪಕ್ಕ, ಕನಗನಹಳ್ಳಿಯಲ್ಲಿ ಸಿಕ್ಕ ಸ್ತೂಪದ ಹಲಗೆಗಳೂ ಸುಣ್ಣದಕಲ್ಲೇ. ಅಶೋಕನ ಹೆಸರು ಬರೆದ ಶಿಲ್ಪ ಸಿಕ್ಕಿದ್ದು ಅಲ್ಲೇ. ಅಷ್ಟು ಸಣ್ಣ ಗೆರೆ ಕೊರೆಯೋಕೆ ಬಿಟ್ಟುಕೊಡುವ ಕಲ್ಲು, ನಿಮ್ಮ ಗ್ರೈಂಡರ್ ತಪ್ಪನ್ನೂ ಹಾಗೇ ಬರೆದಿಟ್ಟುಕೊಳ್ಳುತ್ತದೆ.

ಇನ್ನೊಂದು ಮಾತು. ಫರ್ಸಿ ಪದರ ಪದರವಾಗಿ ಏಳುವ ಕಲ್ಲು. ನಾವು ನಡೆದಾಡುವ ಮುಖ ಅಂದರೆ ಒಂದೇ ಪದರ. ಅಂಚು ಹಾಗಲ್ಲ, ಎಲ್ಲ ಪದರಗಳ ಅಡ್ಡಕೊಯ್ತ. ಚಪಾತಿ ಅಟ್ಟಿಯನ್ನು ಮೇಲಿನಿಂದ ನೋಡೋದಕ್ಕೂ ಪಕ್ಕದಿಂದ ನೋಡೋದಕ್ಕೂ ಇರುವಷ್ಟೇ ವ್ಯತ್ಯಾಸ. ಆದ್ದರಿಂದ ಅಂಚಿನ ಬಣ್ಣ ಮುಖಕ್ಕೆ ನೂರಕ್ಕೆ ನೂರು ಹೊಂದಲೇಬೇಕು ಅಂತ ಹಟ ಹಿಡಿದವರಿಗೆ ನಾನು ಮೊದಲೇ ಆಗಲ್ಲ ಅಂತ ಹೇಳಿಬಿಡುತ್ತೇನೆ. ತೆಳು ಪಟ್ಟೆಗಳು ಕಾಣುತ್ತವೆ. ಅದು ದೋಷ ಅಲ್ಲ.

ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ಕಲ್ಲಿಗೆ ಈ ಬರಹ ಉಪಯೋಗಕ್ಕೆ ಬರಲ್ಲ. ಅದು ತೂತು ತೂತು ಕಲ್ಲು. ನೇರವಾಗಿ ಕೊಯ್ದು, ಚೂಪು ಮುರಿದು ಬಿಟ್ಟರೆ ಮುಗಿಯಿತು. ಅದರ ಮೇಲೆ ಪಾಲಿಶ್ ಪ್ಯಾಡ್ ಸವೆಸೋದು ಸುಮ್ನೆ ದುಡ್ಡು ಹಾಳು.

ಅಂಚು ಬೆಳ್ಳಗಿದೆ

ಜಾಸ್ತಿ ಬರುವ ದೂರು ಇದೇ. ಕಾರಣ ಮಾತ್ರ ನಾಲ್ಕಾರು. ಒದ್ದೆ ಬಟ್ಟೆಯಿಂದ ಅಂಚನ್ನು ಒಂದು ಸಲ ಒರೆಸಿ, ನೀರು ಹೊಳೆಯುತ್ತಿರುವಾಗಲೇ ನೋಡಿ.

ಒದ್ದೆಯಾದಾಗ ಬಣ್ಣ ಗಾಢವಾಗಿ ಮುಖದ ಬಣ್ಣಕ್ಕೆ ಹತ್ತಿರ ಬಂತು, ಒಣಗಿದ ಮೇಲೆ ಮತ್ತೆ ಮಬ್ಬಾಯಿತು ಅಂದರೆ ಎರಡು ಸಾಧ್ಯತೆ. ಒಂದು, ಬ್ಲೇಡಿನ ಗೀರು ಇನ್ನೂ ಹೋಗಿಲ್ಲ. ಕೊಯ್ದ ಕಲ್ಲಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು, ಬಿರುಕು ತುಂಬಿರುತ್ತವೆ. ಬೆಳಕು ಅಲ್ಲಿ ಚೆದುರಿ ಬೆಳ್ಳಗೆ ಕಾಣುತ್ತದೆ. ನೀರು ಆ ಗೀರುಗಳನ್ನು ತುಂಬಿದಾಗ ನಿಜವಾದ ಬಣ್ಣ ತೋರುತ್ತದೆ. ಒಂದು ಲೆಕ್ಕದಲ್ಲಿ, ಒದ್ದೆ ಅಂಚು ಅಂದರೆ ಪಾಲಿಶ್ ಮುಗಿದ ಮೇಲೆ ಹೇಗೆ ಕಾಣುತ್ತದೆ ಅನ್ನೋದರ ಮುಂಗಡ ಫೋಟೋ. ಎರಡನೆಯ ಸಾಧ್ಯತೆ ಉಪ್ಪು. ಅದೂ ನೀರಿಗೆ ಕರಗಿ ಮಾಯವಾಗುತ್ತದೆ, ಒಣಗಿದ ಮೇಲೆ ಹಾಜರ್.

ಇವೆರಡನ್ನು ಬೇರೆ ಮಾಡೋಕೆ ಕರಿ ಬಟ್ಟೆ. ಪೂರ್ತಿ ಒಣಗಿದ ಅಂಚನ್ನು ಒತ್ತಿ ಒರೆಸಿ. ಬಟ್ಟೆಗೆ ಬಿಳಿ ಪುಡಿ ಹತ್ತಿದರೆ ಉಪ್ಪು. ಏನೂ ಹತ್ತದಿದ್ದರೆ ಗೀರು. ಮಾಸ್ತರರ ಮನೆಯಲ್ಲಿ ನಾನು ನೀರು ಹಚ್ಚಿ ನೋಡಿದ್ದೆ, ಗೀರು ಅಂದುಕೊಂಡೆ. ಬಟ್ಟೆ ಹಚ್ಚಿ ನೋಡಲಿಲ್ಲ. ಒಂದು ದಿನದ ಕೂಲಿ, ಎರಡು ಪ್ಯಾಡ್ ಅಲ್ಲೇ ಹೋಯ್ತು.

ಒದ್ದೆ ಮಾಡಿದರೂ ಬಿಳುಪು ಹಾಗೇ ಇದ್ದರೆ ಅದು ಕಲ್ಲಿನ ಮೇಲೆ ಕೂತಿರುವ ಬೇರೆ ಏನೋ. ಹೊಸ ಮನೆಯಾದರೆ ಸಿಮೆಂಟ್ ಹಾಲು, ಇಲ್ಲಾ ಸಂದಿ ತುಂಬಿದ ಗ್ರೌಟ್. ಉಗುರಿನಿಂದ, ಇಲ್ಲಾ ಹಳೆ ಬ್ಲೇಡಿನಿಂದ ಕೆರೆದರೆ ಸಿಪ್ಪೆ ಏಳುತ್ತದೆ. ಇಲ್ಲೇ ನಮ್ಮ ಕಡೆ ದೊಡ್ಡ ತಪ್ಪು ಆಗೋದು. ಕೆಲಸ ಮುಗಿದ ಮೇಲೆ ಆ್ಯಸಿಡ್ ಹಾಕಿ ತೊಳೆಯುವ ರೂಢಿ. ಗ್ರಾನೈಟ್, ಸಿರಾಮಿಕ್ ಟೈಲ್ಸ್ ತಡೆದುಕೊಳ್ಳಬಹುದು. ಫರ್ಸಿ ಸುಣ್ಣದಕಲ್ಲು, ಆ್ಯಸಿಡ್‌ಗೆ ಸಿಮೆಂಟೂ ಸುಣ್ಣವೂ ಒಂದೇ, ಎರಡನ್ನೂ ತಿನ್ನುತ್ತದೆ. ಸಿಮೆಂಟ್ ಹೋಗುತ್ತದೆ, ಜೊತೆಗೆ ಪಾಲಿಶೂ. ಹಾಗಾಗಿ ಕೆರೆದು ತೆಗೆಯಿರಿ. ಉಳಿದದ್ದಕ್ಕೆ 200ರ ಪ್ಯಾಡ್, ನೀರು ಹಾಕುತ್ತ, ಕೈಯಿಂದ.

ಆ್ಯಸಿಡ್ ಆಗಲೇ ಬಿದ್ದಿದ್ದರೆ ಗುರುತು ಹಿಡಿಯೋದು ಸುಲಭ. ಮಬ್ಬು ಒಂದೇ ಸಮ ಇರಲ್ಲ, ಹರಿದ ನೀರಿನ ದಾರಿಯಂತೆ ಮೇಲಿನಿಂದ ಕೆಳಗೆ ಇಳಿದಿರುತ್ತದೆ. ಬೆರಳು ಆಡಿಸಿದರೆ ಮರಳು ಕಾಗದದಂತೆ ಒರಟು. ಬಚ್ಚಲ ಹೊಸ್ತಿಲ ಅಂಚಿನಲ್ಲಿ ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕಮೋಡ್ ತೊಳೆಯುವ ದ್ರವದ ಹನಿ ಸಾಕು. ಅಡಿಗೆ ಕಟ್ಟೆಗೆ ಫರ್ಸಿ ಹಾಕಿಸಿದವರ ಮನೆಯಲ್ಲಿ ನಿಂಬೆಹಣ್ಣು, ಹುಣಸೆರಸವೂ ಇದೇ ಕೆಲಸ ಮಾಡುತ್ತವೆ. ಇದಕ್ಕೆ ಮೇಲೆ ಹಚ್ಚುವ ಔಷಧಿ ಇಲ್ಲ. ತಿಂದಷ್ಟು ಆಳ ಸವೆಸಿ ಮತ್ತೆ ಮೇಲಕ್ಕೆ ಬರಬೇಕು. ಮುಂದೆ ಮಾತ್ರ ಸಾದಾ ಸೋಪಿನ ನೀರು.

ಗೆರೆಗಳು ಹೋಗುತ್ತಿಲ್ಲ

ದೂರದಿಂದ ಮಿಂಚುತ್ತದೆ, ಹತ್ತಿರ ಹೋದರೆ ಕೂದಲೆಳೆಯಂಥ ಗೆರೆ. ಮೊಬೈಲ್ ಟಾರ್ಚನ್ನು ಅಂಚಿಗೆ ಒರಗಿಸಿ ಹಿಡಿದರೆ ಎಲ್ಲ ಎದ್ದು ಕಾಣುತ್ತವೆ. ನೇರ ಬೆಳಕಿನಲ್ಲಿ ಸಿಗಲ್ಲ, ಅಡ್ಡ ಬೆಳಕು ಬೇಕು.

ಗೆರೆಗಳೆಲ್ಲ ಒಂದೇ ಆಳ, ಅಂಚಿನ ಉದ್ದಕ್ಕೂ ಇದ್ದರೆ ನಡುವೆ ಒಂದು ಪ್ಯಾಡ್ ಹಾರಿಸಿದ್ದೀರಿ. ಒದ್ದೆ ಪ್ಯಾಡ್‌ಗಳು ಸಾಮಾನ್ಯವಾಗಿ 50, 100, 200, 400, 800, 1500, 3000 ಅಂತ ಬರುತ್ತವೆ. ಪ್ರತಿ ಪ್ಯಾಡಿನ ಕೆಲಸ ಹಿಂದಿನ ಪ್ಯಾಡ್ ಮಾಡಿದ ಗೀರನ್ನು ಅಳಿಸೋದು, ಅಷ್ಟೇ. 100 ಬಿಟ್ಟ ಗೀರನ್ನು 800 ಅಳಿಸಲ್ಲ, ಅದನ್ನೇ ಮಿಂಚಿಸಿ ತೋರಿಸುತ್ತದೆ. ಬ್ಲೇಡ್ ನೀಟಾಗಿ ಕೊಯ್ದಿದ್ದರೆ ಫರ್ಸಿಗೆ 50 ಬೇಡವೇ ಬೇಡ. ಮೆತ್ತನೆ ಕಲ್ಲಿಗೆ ಅದು ಹಾಕುವ ಗೀರು ತೆಗೆಯೋಕೇ ಅರ್ಧ ದಿನ. 100ರಿಂದ ಶುರು ಮಾಡಿ.

ಎಷ್ಟು ಉಜ್ಜಿದರೆ ಸಾಕು ಅಂತ ತಿಳಿಯೋಕೆ ಪೆನ್ಸಿಲ್ ಇದೆ. ಪ್ರತಿ ಪ್ಯಾಡ್ ಹಾಕುವ ಮೊದಲು ಅಂಚು ಒಣಗಿಸಿ, ಪೆನ್ಸಿಲಿನಿಂದ ಅಂಕುಡೊಂಕಾಗಿ ಗೆರೆ ಎಳೆಯಿರಿ. ಪೆನ್ಸಿಲ್ ಎಲ್ಲೆಲ್ಲಿ ಉಳಿದಿದೆಯೋ ಅಲ್ಲೆಲ್ಲ ಪ್ಯಾಡ್ ಮುಟ್ಟಿಲ್ಲ, ಅಲ್ಲಿ ತಗ್ಗಿದೆ ಅಂತ ಅರ್ಥ. ಹುಡುಗರು ಮೊದಮೊದಲು ನಗುತ್ತಾರೆ. ಆಮೇಲೆ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡೇ ಬರುತ್ತಾರೆ.

ಎಲ್ಲ ಕಡೆ ನೀಟಾಗಿದ್ದು ಎಲ್ಲೋ ಒಂದೆರಡು ಆಳವಾದ, ಬಾಗಿದ ಗೆರೆ ಇದ್ದರೆ ಕಥೆ ಬೇರೆ. ಹಿಂದಿನ ಪ್ಯಾಡಿನ ಒಂದು ಹರಳು ಎಲ್ಲೋ ಸಿಕ್ಕಿಕೊಂಡಿದೆ. ಪ್ಯಾಡಿನ ಸಂದಿಯಲ್ಲಿ, ಬಕೆಟಿನ ತಳದಲ್ಲಿ, ನಿಮ್ಮ ತೋಳಿನ ಮೇಲೇ ಇರಬಹುದು. ಪ್ಯಾಡ್ ಬದಲಿಸುವಾಗಲೆಲ್ಲ ಅಂಚು ತೊಳೆಯಿರಿ, ನೀರೂ ಬದಲಿಸಿ. ಬಟ್ಟೆಯೂ ಬೇರೆ.

ಅಂಚಿನ ಮೇಲೆ ಕೆಂಪು, ಹಳದಿ ಇಲ್ಲಾ ಕಂದು ಕಲೆ ಬಿದ್ದಿದ್ದರೆ ಪ್ಯಾಡಿನ ಬಣ್ಣ ನೋಡಿ. ಅದೇ ಬಣ್ಣವಾದರೆ ಪ್ಯಾಡಿನ ರಾಳ ಬಿಸಿಗೆ ಕರಗಿ ಕಲ್ಲಿಗೆ ಹತ್ತಿದೆ. ಸಾಮಾನ್ಯ 4 ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಪಾಲಿಶ್‌ಗೆ ಅದು ಅತಿ. ವೇಗ ಇಳಿಸೋಕೆ ಬರುವ ಪಾಲಿಶರ್‌ನಲ್ಲಿ 2,000ದಿಂದ 3,000 ಸುತ್ತಿನೊಳಗೆ, ನೀರು ಹಾಕುತ್ತ ಮಾಡಿ. ಅದು ಇಲ್ಲಾಂದ್ರೆ ಕೊನೆಯ ಹಂತಗಳನ್ನು ಕೈಯಿಂದಲೇ ಮಾಡಿ. ಫರ್ಸಿ ಮೆತ್ತಗೆ, ಕೈಗೆ ಮಾತು ಕೇಳುತ್ತದೆ. ನೀರಿದ್ದಲ್ಲಿ ಕರೆಂಟ್ ಮಷೀನು ಅಂದರೆ 30 ಮಿಲಿ ಆ್ಯಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇಲ್ಲದ ಪ್ಲಗ್‌ಗೆ ಹಾಕಲೇಬೇಡಿ. ಯಾದಗಿರಿ ಬೆಟ್ಟದಂಥ ಗಟ್ಟಿ ಗ್ರಾನೈಟ್ ಒಣಗಿಸಿ ಕೊಯ್ಯುವಾಗ ಏಳುವ ಧೂಳು ಪುಪ್ಪುಸಕ್ಕೆ ಕೂತರೆ ಏಳಲ್ಲ. ಮೂಗಿಗೆ ಟವಲ್ ಕಟ್ಟಿದರೆ ಆಗಲ್ಲ, ಸರಿಯಾದ ಮಾಸ್ಕ್ ಬೇಕು.

ಪದರ ಬಿಡುತ್ತಿದೆ

ಇದು ಫರ್ಸಿಯದೇ ರೋಗ. ಇದನ್ನು ಕಂಡುಹಿಡಿಯೋಕೆ ಸ್ವಲ್ಪ ತಾಳ್ಮೆ ಬೇಕು.

ಅಂಚನ್ನು ಚೆನ್ನಾಗಿ ನೆನೆಸಿ. ಆಮೇಲೆ ಏನೂ ಮಾಡಬೇಡಿ, ಮುಂದೆ ಕೂತು ಒಣಗೋದನ್ನು ನೋಡಿ. ಬೇಸಿಗೆಯಲ್ಲಾದರೆ ನಮ್ಮೂರಲ್ಲಿ ಐದು ನಿಮಿಷವೂ ಬೇಡ. ಮೊದಲು ಮೇಲಿನ ಮೂಲೆ ಬಿಳಿಚುತ್ತದೆ, ಆಮೇಲೆ ನಡು. ಎಲ್ಲ ಒಣಗಿದ ಮೇಲೂ ಒಂದು ಕಪ್ಪು ಎಳೆ ಮುಖಕ್ಕೆ ಸಮಾನಾಂತರವಾಗಿ, ಉದ್ದಕ್ಕೂ ಉಳಿದುಕೊಂಡರೆ ಅದೇ ಬಿರುಕು. ನೀರು ಒಳಗೆ ಹೋಗಿ ಕೂತಿದೆ. ಒಣಗಿದ ಕಲ್ಲಿನಲ್ಲಿ ಹುಡುಕಿದ್ದರೆ ಸಂಜೆಯಾದರೂ ಸಿಗುತ್ತಿರಲಿಲ್ಲ.

ಈಗ ನಾಣ್ಯದಿಂದ ಅಂಚಿನ ಮೇಲ್ಭಾಗ ಬಡಿಯುತ್ತ ಹೋಗಿ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ. ಪದರ ಬಿಟ್ಟಲ್ಲಿ ಡಬ್ ಅನ್ನುತ್ತದೆ. ಆದರೆ ಇಲ್ಲಿ ಮೋಸ ಹೋಗಬೇಡಿ. ಗೌಂಡಿ ಕಲ್ಲಿನ ಕೆಳಗೆ ಮಾಲು (ಸಿಮೆಂಟ್ ಗಾರೆ) ಸರಿಯಾಗಿ ತುಂಬದಿದ್ದರೂ ಡಬ್ ಅನ್ನುತ್ತದೆ. ಎಳೆ ಕಂಡು, ಡಬ್ಬೂ ಅಂದರೆ ಪದರ. ಎಳೆ ಇಲ್ಲದೆ ಬರೀ ಡಬ್ ಅಂದರೆ ಕೆಳಗೆ ಟೊಳ್ಳು. ಎರಡನೆಯದಕ್ಕೆ ಅಂಚಿನ ಕೆಲಸದಿಂದ ಪರಿಹಾರ ಇಲ್ಲ, ಕಲ್ಲು ಎತ್ತಿ ಮತ್ತೆ ಕೂಡಿಸಬೇಕು. ಮೆಟ್ಟಿಲಿನ ಮುಂದೆ ಚಾಚಿದ ಅಂಚಿನ ಕೆಳಗೆ ಟೊಳ್ಳಿದ್ದರೆ ಯಾರಾದರೂ ಸಿಲಿಂಡರ್ ಇಳಿಸಿದ ದಿನ ಅದು ಮುರಿಯುತ್ತದೆ.

ಎಳೆ ಕೂದಲಷ್ಟು ಸಣ್ಣದಾದರೆ ಉಳಿಸಬಹುದು. ಪೂರ್ತಿ ಒಣಗಿಸಿ, ನೀರಿನಂತೆ ತೆಳುವಾದ ಎಪಾಕ್ಸಿ ಅಂಟನ್ನು ಎಳೆಯ ಮೇಲೆ ಬಿಡಿ. ಅದೇ ಒಳಗೆ ಎಳೆದುಕೊಳ್ಳುತ್ತದೆ. ಕುಡಿಯೋದು ನಿಲ್ಲಿಸುವವರೆಗೆ ಬಿಡುತ್ತ ಹೋಗಿ, ಮೇಲೊಂದು ಭಾರ ಇಟ್ಟು ಒಂದು ದಿನ ಮರೆತುಬಿಡಿ. ಆಮೇಲೆ ಪಾಲಿಶ್. ಗಟ್ಟಿ ಅಂಟನ್ನು ಮೇಲೆ ಮೆತ್ತಿದರೆ ಚೆನ್ನಾಗಿ ಕಾಣುತ್ತದೆ ಅಷ್ಟೇ, ಒಳಗೆ ಹಿಡಿತ ಇರಲ್ಲ.

ಎಳೆಯಲ್ಲಿ ಮಣ್ಣು ಕಂಡರೆ, ಉಗುರು ಹಾಕಿದಾಗ ಹಳದಿ ಪುಡಿ ಉದುರಿದರೆ, ಆ ಕಲ್ಲನ್ನು ಮೆಟ್ಟಿಲಿಗೆ ಹಾಕಬೇಡಿ. ಹಿತ್ತಲಿಗೆ ಹಾಕಿ. ಕಲ್ಲು ಮಾರುವ ಅಡ್ಡೆಯಲ್ಲೇ ಒಂದು ಚೊಂಬು ನೀರು ಹಾಕಿ ಅಂಚು ನೋಡಿ ಕಲ್ಲು ಆರಿಸಿದರೆ ಇಷ್ಟೆಲ್ಲ ಬೇಕಾಗಲ್ಲ. ಅಂಗಡಿಯವರು ಮುಖ ತೋರಿಸುತ್ತಾರೆ. ನೀವು ಪಕ್ಕ ನೋಡಿ.

ಚೂರು ಹಾರಿದೆ, ಅಂಚು ಅಲೆ ಅಲೆ ಆಗಿದೆ

ಚೂರುಗಳು ಕೊಯ್ತದ ಕೊನೆಯ ಎರಡು ಇಂಚಿನಲ್ಲೇ ಇದ್ದರೆ ಕಲ್ಲಿಗೆ ಆಸರೆ ಕೊಡದೆ ಕೊಯ್ದಿದ್ದೀರಿ, ಕೊನೆಗೆ ತನ್ನ ಭಾರಕ್ಕೇ ಮುರಿದಿದೆ. ಉದ್ದಕ್ಕೂ ಇಲಿ ಕಡಿದಂತೆ ಇದ್ದರೆ ಬ್ಲೇಡ್ ನೋಡಿ. ಹಲ್ಲು ಹಲ್ಲಿನ ಬ್ಲೇಡ್ ಗೋಡೆ ಕೊರೆಯೋಕೆ. ಕಾಣುವ ಅಂಚಿಗೆ ಸುತ್ತಲೂ ಒಂದೇ ಸಮ ಇರುವ ಬ್ಲೇಡ್ ಬೇಕು. ಅದೂ ಮೊಂಡಾದರೆ ಕೊಯ್ಯಲ್ಲ, ಕೀಳುತ್ತದೆ. ಒಂದು ಮೆತ್ತನೆ ಇಟ್ಟಿಗೆಯಲ್ಲಿ ನಾಲ್ಕು ಸಲ ಕೊಯ್ದರೆ ವಜ್ರದ ಹೊಸ ಹರಳು ಹೊರಗೆ ಬಂದು ಬ್ಲೇಡ್ ಮತ್ತೆ ಚುರುಕಾಗುತ್ತದೆ. ಮೊದಲು 2-3 ಮಿಲಿಮೀಟರ್ ಆಳ ಗೆರೆ ಹೊಡೆದು, ಎರಡನೆಯ ಸಲ ಪೂರ್ತಿ ಇಳಿಸಿ.

ಹಾರಿದ ಚೂರು ಸಣ್ಣದಾದರೆ ಅಂಚಿನ ಚೂಪನ್ನು 3 ಮಿಲಿಮೀಟರ್ ಓರೆ ಮಾಡಿಬಿಡಿ, ನುಂಗಿಕೊಳ್ಳುತ್ತದೆ. ದೊಡ್ಡದಾದರೆ ಅದೇ ಕಲ್ಲಿನ ಒಣ ಪುಡಿಯನ್ನು ಎಪಾಕ್ಸಿಗೆ ಕಲಸಿ ತುಂಬಿ. ಬಿಸಿಲಿಗೆ ಎಪಾಕ್ಸಿ ಹಳದಿಯಾಗುತ್ತದೆ, ಆದ್ದರಿಂದ ಪುಡಿ ಸ್ವಲ್ಪ ಜಾಸ್ತಿಯೇ ಇರಲಿ. ಎರಡು ಕಲ್ಲು 45 ಡಿಗ್ರಿಯಲ್ಲಿ ಕೂಡುವ ಮೂಲೆಯಲ್ಲಿ ಚೂರು ಹಾರಿದ್ದರೆ ತಪ್ಪು ಕೊಯ್ದವನದಲ್ಲ, ಚೂಪಾಗಿ ಬೇಕು ಅಂದವನದು. ಬ್ಲೇಡಿನಷ್ಟು ತೆಳುವಾದ ಸುಣ್ಣದಕಲ್ಲು ಎಷ್ಟು ದಿನ ಬಾಳುತ್ತದೆ? ತುದಿಯಲ್ಲಿ 1-2 ಮಿಲಿಮೀಟರ್ ದಪ್ಪ ಬಿಡಬೇಕು.

ಅಲೆ ಇದೆಯೋ ಇಲ್ಲವೋ ಅಂತ ಬೆರಳಿಗಿಂತ ಟ್ಯೂಬ್‌ಲೈಟ್ ಚೆನ್ನಾಗಿ ಹೇಳುತ್ತದೆ. ಒದ್ದೆ ಅಂಚಿನಲ್ಲಿ ಅದರ ಪ್ರತಿಬಿಂಬ ನೇರ ಗೆರೆಯಾಗಿ ಕಾಣಬೇಕು, ಹಾವಿನಂತೆ ಬಾಗಬಾರದು. ಬಾಗಿದರೆ ಗಟ್ಟಿ ಹಿಂಬದಿಯ 100ರ ಪ್ಯಾಡಿಗೆ ವಾಪಸ್ ಹೋಗಿ, ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡುತ್ತ ಉಬ್ಬು ಮಾತ್ರ ಇಳಿಸಿ.

ಹೊರಗಿನ ಮೆಟ್ಟಿಲಾದರೆ ಕನ್ನಡಿಯಂಥ ಪಾಲಿಶ್ ಕೇಳಬೇಡಿ, ಕೇಳಿದರೂ ನಾನು ಮಾಡಲ್ಲ. 400ಕ್ಕೆ ನಿಲ್ಲಿಸುತ್ತೇನೆ, ಬಣ್ಣ ಬೇಕೇ ಬೇಕು ಅಂದರೆ ಮುಂದಿನ ಗೋಲಿಗೆ ಮಾತ್ರ 800. ಮೇಲ್ಮುಖಕ್ಕೆ ಜಾರದಂತೆ ಎರಡು ಕಾಲುವೆ ಗೆರೆ. ಮಳೆಯಲ್ಲಿ ಇಳಿಯುವವರು ಮನೆಯ ಹಿರಿಯರೇ ಅಲ್ವಾ.

ಸೀಲರ್ (ಕಲ್ಲು ನೀರು ಕುಡಿಯದಂತೆ ಹಚ್ಚುವ ದ್ರವ) ಹಚ್ಚಿದ ಮೇಲೆ ಅಂಚು ಮಾತ್ರ ಕಪ್ಪಾಯ್ತು ಅನ್ನೋರೂ ಇದ್ದಾರೆ. ಪದರಗಳ ಬಾಯಿ ತೆರೆದಿರೋದರಿಂದ ಅಂಚು ಜಾಸ್ತಿ ಕುಡಿಯುತ್ತದೆ. ಮೊದಲು ಒಂದು ತುಂಡಿನ ಮೇಲೆ ಹಚ್ಚಿ ನೋಡಿ, ಉಳಿದದ್ದನ್ನು ಬೇಗ ಒರೆಸಿ.

ಮಾಸ್ತರರ ಮೂರು ಮೆಟ್ಟಿಲು

ಎರಡನೆಯ ಸಲ ಹೋದಾಗ ಕರಿ ಬಟ್ಟೆ ಒಯ್ದಿದ್ದೆ. ಒರೆಸಿದೆ, ಹಿಟ್ಟಿನಂಥ ಪುಡಿ ಬಂತು. ಉಪ್ಪು ಅಂದರೆ ಎಲ್ಲಿಂದಲೋ ನೀರು ಬರುತ್ತಿದೆ. ಹತ್ತು ಮೆಟ್ಟಿಲಿಗೆ ಬರದ ನೀರು ಮೇಲಿನ ಮೂರಕ್ಕೆ ಮಾತ್ರ ಯಾಕೆ? ಒಂದು ಪ್ಲಾಸ್ಟಿಕ್ ಹಾಳೆಯನ್ನು ಎರಡನೆಯ ಮೆಟ್ಟಿಲಿಗೆ ಸುತ್ತಲೂ ಟೇಪ್ ಹಾಕಿ ಅಂಟಿಸಿದೆ, ಮರುದಿನ ಬರುತ್ತೇನೆ ಅಂದೆ. ಬೆಳಗ್ಗೆ ಹಾಳೆಯ ಒಳಗೆ ಹನಿ ಕಟ್ಟಿತ್ತು. ಮೇಲಿನಿಂದ ಬಿದ್ದ ನೀರಲ್ಲ, ಒಳಗಿನಿಂದ ಬಂದದ್ದು.

ತಲೆ ಎತ್ತಿದರೆ ಎದುರಿಗೆ ತುಳಸಿ ಕಟ್ಟೆ. ಮೆಟ್ಟಿಲ ತುದಿಯ ಕಟ್ಟೆಯ ಮೇಲೇ. ಮಾಸ್ತರರ ಮನೆಯವರು ಸ್ನಾನ ಮುಗಿಸಿ ಬಂದು ಒಂದು ತಂಬಿಗೆ ನೀರು ಹಾಕಿದರು, ಪ್ರದಕ್ಷಿಣೆ ಬಂದರು. ಆ ನೀರು ಹೊರಗೆ ಹೋಗೋಕೆ ತೂತೇ ಇಲ್ಲ. ಮಣ್ಣು ಕುಡಿದಷ್ಟು ಕುಡಿದು, ಮಿಕ್ಕಿದ್ದು ಫರ್ಸಿಯ ಕೆಳಗಿನ ಮಾಲಿಗೆ ಇಳಿದು, ಅಲ್ಲಿನ ಉಪ್ಪು ಕರಗಿಸಿಕೊಂಡು, ನಾನು ಮಿಂಚಿಸಿಟ್ಟ ಅಂಚಿನಲ್ಲಿ ಹೊರಗೆ ಬರುತ್ತಿತ್ತು. ಬಿಸಿಲಿಗೆ ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ.

"ಅವ್ವಾ, ತುಳಸಿಗೆ ನೀರು ಹಾಕೋದು ಬಿಡಬೇಡ್ರಿ, ನಾ ಒಂದು ಪೈಪ್ ಇಡ್ತೀನಿ" ಅಂದೆ.

"ಬಿಡು ಅಂದ್ರ ಬಿಡ್ತಿದ್ನೇನು?" ಅಂದರು.

ಕಟ್ಟೆಯ ತಳಕ್ಕೆ ಅರ್ಧ ಇಂಚಿನ ಪೈಪ್ ಇಟ್ಟು ನೀರನ್ನು ಅಂಗಳದ ಕಡೆ ತಿರುಗಿಸಿದೆವು. ಒಳಗೋಡೆಗೆ ನೀರು ತಡೆಯುವ ಬಳಿತ ಮಾಡಿದೆವು. ಆಮೇಲೆ ಮೆಟ್ಟಿಲು ಮುಟ್ಟಲಿಲ್ಲ, ಒಣಗಲಿ ಅಂತ ಬಿಟ್ಟೆವು. ಒದ್ದೆ ಇರುವಾಗ ಸೀಲರ್ ಹಚ್ಚಿದ್ದರೆ ಉಪ್ಪು ಒಳಗೇ ಕಟ್ಟಿ ಅಂಚಿನ ಸಿಪ್ಪೆ ಎಬ್ಬಿಸುತ್ತಿತ್ತು. ವಾರಕ್ಕೊಮ್ಮೆ ಒಣ ಬ್ರಷ್‌ನಿಂದ ಉದುರಿಸಿ, ನೀರು ಹಾಕಬೇಡಿ ಅಂತ ಮಾಸ್ತರರಿಗೆ ಹೇಳಿದ್ದೆ. ಅವರು ದಿನಾ ಉದುರಿಸುತ್ತಿದ್ದರು. ಪ್ಲಾಸ್ಟಿಕ್ ಹಾಳೆ ಒಂದು ರಾತ್ರಿ ಪೂರ್ತಿ ಒಣಗಿದ್ದು ಕಂಡ ಮೇಲೆ 400, 800 ಹೊಡೆದೆ. ಎರಡು ಮೆಟ್ಟಿಲು ನಿಂತವು. ಮೂರನೆಯದರ ಎಡ ಮೂಲೆಯಲ್ಲಿ ಒಂದು ಗೇಣು ಈಗಲೂ ಮಬ್ಬಾಗಿದೆ. ಉಪ್ಪು ಅಲ್ಲಿ ಸ್ವಲ್ಪ ತಿಂದಿದೆ. ಮಳೆಗಾಲ ಮುಗಿಯಲಿ ಅಂತ ಕಾಯುತ್ತಿದ್ದೇನೆ. ಅದೊಂದನ್ನು 200ರಿಂದ ಹಿಡಿಯಬೇಕು.